ಸಂಜೆಗೆ ಮುಚ್ಚುವ ಖಾತೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಮಟಕಾ ಎಂಬ ಅಂಕೆಯ ಜೂಜಿನ ಹೆಸರು ಕೇಳದವರು ವಿರಳ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಮೇರೆಗೆ ಅದು ಅಪರಾಧ. ಅದರ ‘ಓಪನ್’, ‘ಕ್ಲೋಸ್’ ಎಂಬ ಮಾತುಗಳು ಬಂದುದು ನ್ಯೂಯಾರ್ಕಿನ ಹತ್ತಿಪೇಟೆಯ ಆರಂಭದ ಹಾಗೂ ಮುಕ್ತಾಯದ ದರಗಳಿಂದ. ಪೇಟೆಯಂತೆಯೇ ಆಟಗಾರನ ಮನಸ್ಸೂ ದಿನದಿನದ ಖಾತೆಯನ್ನು ಅಂದಂದೇ ಮುಚ್ಚಬಯಸುತ್ತದೆ.

ಕಾಲವನ್ನು ಹೀಗೆ ತುಂಡರಿಸಿದುದರ ಫಲವೇನು? ಸೋತವನು ಖಾತೆ ಮುಚ್ಚುವ ಮೊದಲೇ ನಷ್ಟವನ್ನು ತುಂಬಿಕೊಳ್ಳಲು ಹವಣಿಸುತ್ತಾನೆ. ಅಮೆರಿಕದ ಕುದುರೆ ಪಂದ್ಯಗಳನ್ನು ಪರಿಶೀಲಿಸಿದ ಮೆಕ್‌ಗ್ಲಾತ್ಲಿನ್, ಹೊತ್ತು ಕಳೆದಂತೆ ಜನರು ಗೆಲ್ಲುವ ಸಂಭವ ತೀರ ಕಡಿಮೆಯಿರುವ ಕುದುರೆಗಳತ್ತ ವಾಲುವರೆಂದು 1956ರಲ್ಲಿ ತೋರಿಸಿದರು. ಆದ ನಷ್ಟಕ್ಕೆ ಇನ್ನೂ ಒಗ್ಗಿಕೊಳ್ಳದ ಮನಸ್ಸೇ ಇದಕ್ಕೆ ಕಾರಣವೆಂದು 1979ರಲ್ಲಿ ಕಾನೆಮನ್ ಮತ್ತು ಟ್ವೆರ್‌ಸ್ಕಿ ವಿವರಿಸಿದರು.

ನಾವೊಂದು ಲೆಕ್ಕ ಮಾಡಿ ನೋಡೋಣ. ಹತ್ತು ಅಂಕೆಗಳಲ್ಲಿ ಒಂದಕ್ಕೆ 100 ರೂಪಾಯಿ ಕಟ್ಟಿ ಗೆದ್ದರೆ 900 ರೂಪಾಯಿ ದೊರೆಯುವುದೆನ್ನಿ. ಸರಾಸರಿ ನಷ್ಟ ದಿನಕ್ಕೆ ಬರಿಯ 10 ರೂಪಾಯಿ. ಆದರೆ 300 ದಿನಗಳಿಗೆ 3,000! ಮನೆಯ ಕಾಳುಕಡಿಗೆ ಸಲ್ಲಬೇಕಾದ ಹಣವದು. ಅಂಕೆಗೆ ನಿನ್ನೆಯ ನೆನಪಿಲ್ಲ, ಸಂಜೆಯ ಅರಿವೂ ಇಲ್ಲ. ದಿನದ ಖಾತೆಯಲ್ಲಿ ಅಡಗಿದ ಸೋಲು ವರ್ಷದ ಖಾತೆಯಲ್ಲಿ ಬಯಲಾಗುತ್ತದೆ.