ಹೊಳೆಗೆ ಹಿಂದಿರುಗಿಸಿದ ನೆಲ

ಹೊಳೆಯ ದಂಡೆಯ ಊರೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಊರಿನ ಮಾತನ್ನೇ ಮುಂದಿಟ್ಟುಕೊಂಡು, ಹೊಳೆಯನ್ನು ಹಿನ್ನೆಲೆಯ ಚಿತ್ರವಾಗಿ ಬಿಟ್ಟುಬಿಡುತ್ತಾರೆ. ಲೆಂಟ್ ಎಂಬ ಡಚ್ ಹಳ್ಳಿಯ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅಲ್ಲಿಯ ಚರಿತ್ರೆಯ ವಾಕ್ಯಗಳಿಗೆಲ್ಲ ಹೊಳೆಯೇ ಕರ್ತೃಪದ.

ಜರ್ಮನಿಯಿಂದ ಇಳಿದುಬರುವ ರೈನ್ ನದಿ ನೆದರ್ಲೆಂಡ್ಸ್ ದೇಶವನ್ನು ಹೊಕ್ಕ ಸ್ವಲ್ಪ ದೂರದಲ್ಲಿಯೇ ಕವಲೊಡೆಯುತ್ತದೆ. ಆ ಕವಲುಗಳಲ್ಲಿ ಹಿರಿಯದು ವಾಲ್. ರೈನಿನ ನೀರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಇದರ ದಕ್ಷಿಣದ ದಿಬ್ಬದ ಮೇಲೆ ರೋಮನರ ಕಾಲದಿಂದ ಬೆಳೆದುಬಂದ ನೈಮೇಗನ್ ನಗರ. ಎದುರಿಗೆ, ಉತ್ತರದ ತಗ್ಗಿನಲ್ಲಿ, ಲೆಂಟ್. ನಗರ ಎತ್ತರದಲ್ಲಿ, ಹಳ್ಳಿ ತಗ್ಗಿನಲ್ಲಿ: ಲೆಂಟಿನ ಹಣೆಬರಹವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಕೆಲವು ವರ್ಷಗಳ ಹಿಂದೆ ನೈಮೇಗನ್ನಿನಲ್ಲಿದ್ದ ಮಗಳ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದಾಗ, ಸಂಜೆ ಸೇತುವೆ ದಾಟಿ ಆ ದಂಡೆಗೆ ಹೋಗಿಬರುವುದು ನನಗೆ ನಿತ್ಯದ ಅಭ್ಯಾಸವಾಗಿತ್ತು.

ತಗ್ಗಿನ ನೆಲವನ್ನು ಕಾಪಾಡಿಕೊಳ್ಳಲು ಆ ಸೀಮೆಯ ಜನ ಮಧ್ಯಯುಗದಿಂದಲೂ ಹೊಳೆಯುದ್ದಕ್ಕೂ ಮಣ್ಣಿನ ಏರಿ ಕಟ್ಟಿಕೊಂಡು ಬಂದರು. ನಮ್ಮ ಕೆರೆಯ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ. ಅವರ ಏರಿ ನೀರನ್ನು ಹೊರಗೆ ನಿಲ್ಲಿಸುತ್ತದೆ. ಅದರ ಮರೆಯಲ್ಲಿ ಲೆಂಟ್ ತೋಟಗಾರರ ಊರಾಗಿ ಬಾಳಿತು.

ಹೊಳೆಯನ್ನು ದಾಟುವುದು ಇನ್ನೊಂದು ಕಥೆ. 1657ರಲ್ಲಿ ಇಲ್ಲಿ ಒಂದು ವಿಚಿತ್ರ ದೋಣಿ ಬಂದಿತು. ನಡುಹೊಳೆಯಲ್ಲಿ, ಮೇಲ್ಗಡೆ ಲಂಗರು ಹಾಕಿ, ಉದ್ದನೆಯ ಹಗ್ಗದ ತುದಿಗೆ ದೋಣಿಯನ್ನು ಕಟ್ಟುವುದು; ದೋಣಿಯನ್ನು ಸೆಳವಿಗೆ ಓರೆಯಾಗಿ ತಿರುಗಿಸಿದರೆ ಸೆಳವೇ ಅದನ್ನು ಗಡಿಯಾರದ ಲೋಲಕದಂತೆ ಆ ದಂಡೆಯಿಂದ ಈ ದಂಡೆಗೆ ತೂಗಿ ಮುಟ್ಟಿಸುವುದು. ಹುಟ್ಟು ಬೇಡ, ಹಾಯಿ ಬೇಡ. ಅದರ ಹೆಸರು ಝೆಲ್ಡೆನ್‌ರುಸ್ಟ್, ಎಂದರೆ ‘ವಿಶ್ರಾಂತಿ ಅಪರೂಪ’. 1879ರಲ್ಲಿ ರೈಲು ಸೇತುವೆಯೂ 1936ರಲ್ಲಿ ರಸ್ತೆಯ ಸೇತುವೆಯೂ ಆದವು. ಆಗ ದೋಣಿಗೆ ವಿಶ್ರಾಂತಿ ದೊರೆಯಿತು.

ಸೇತುವೆಯೊಡನೆ ಯುದ್ಧವೂ ಬಂದಿತು. 1940ರ ಮೇ 10ರಂದು, ಜರ್ಮನರು ನುಗ್ಗಿಬಂದಾಗ, ಡಚ್ ಸೈನಿಕರೇ ತಮ್ಮ ಸೇತುವೆಗಳನ್ನು ಸಿಡಿಸಿ ಕೆಡವಿದರು. ಜರ್ಮನರು ಅವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. 1944ರ ಸೆಪ್ಟೆಂಬರ್ 20ರ ಹಾಡುಹಗಲಿನಲ್ಲಿ ಅಮೆರಿಕದ ಯೋಧರು ಕ್ಯಾನ್ವಾಸಿನ ದೋಣಿಗಳಲ್ಲಿ, ಗುಂಡಿನ ಮಳೆಯ ನಡುವೆ, ಹೊಳೆ ದಾಟಿ ಉತ್ತರದ ದಂಡೆ ಹಿಡಿದರು. 48 ಮಂದಿ ಮಡಿದರು. ಆ ಸ್ಥಳದ ಸಮೀಪದಲ್ಲಿ 2013ರಲ್ಲಿ ತೆರೆದ ಹೊಸ ಸೇತುವೆಗೆ 48 ಜೊತೆ ದೀಪಗಳಿವೆ. ಮುಸ್ಸಂಜೆಯಲ್ಲಿ ಅವು ಒಂದಾದ ಮೇಲೊಂದು, ನಿಧಾನವಾದ ನಡಿಗೆಯ ವೇಗದಲ್ಲಿ, ಹೊತ್ತಿಕೊಳ್ಳುತ್ತವೆ.

ಆದರೆ ಲೆಂಟಿನ ಹತ್ತಿರದ ಪರೀಕ್ಷೆ ಬಂದದ್ದು ಶತ್ರುವಿನಿಂದಲ್ಲ. ನೈಮೇಗನ್ನಿನ ಎದುರಿಗೆ ಹೊಳೆ ಬಾಗುತ್ತದೆ, ಬಾಗಿದಲ್ಲಿಯೇ ಕಿರಿದಾಗುತ್ತದೆ. 1993ರ ಡಿಸೆಂಬರಿನಲ್ಲಿ ನೆರೆ ಬಂದಿತು. 1995ರ ಆರಂಭದಲ್ಲಿ ಮತ್ತೆ ಬಂದಾಗ ನದೀಸೀಮೆಯ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೊರಡಬೇಕಾಯಿತು. ಏರಿ ಒಡೆಯಲಿಲ್ಲ, ಒಡೆದಿದ್ದರೆ ಎಂಬ ಅಂಜಿಕೆ ಮಾತ್ರ ಉಳಿಯಿತು. ಏರಿಯನ್ನು ಎತ್ತರಿಸಿದಂತೆಲ್ಲ ಅದರ ಹಿಂದಿನ ಅಪಾಯವೂ ಎತ್ತರವಾಗುತ್ತದೆ ಎಂಬುದನ್ನು ಆ ದೇಶ ಆಗ ಮನಗಂಡಿತು. ‘ನದಿಗೆ ಎಡೆ’ ಎಂಬ ಯೋಜನೆ ಹುಟ್ಟಿತು.

ಲೆಂಟಿನಲ್ಲಿ ಏರಿಯನ್ನು 350 ಮೀಟರು ಹಿಂದಕ್ಕೆ ಸರಿಸಿದರು. ನಡುವೆ ಹೊಳೆಗೆ ಇನ್ನೊಂದು ಕಾಲುವೆಯನ್ನು ತೋಡಿದರು. 2013ರಲ್ಲಿ ತೊಡಗಿದ ಕೆಲಸ 2015ರ ಕೊನೆಗೆ ಮುಗಿಯಿತು. ನೆರೆಯ ನೀರಿನ ಮಟ್ಟ ಒಂದು ಅಡಿಗಿಂತ ಹೆಚ್ಚು ಇಳಿಯುವಂತಾಯಿತು. ಹಳೆಯ ದಂಡೆ ದ್ವೀಪವಾಯಿತು. ಆದರೆ ಕಾಲುವೆಯ ಹಾದಿಯಲ್ಲಿ ಸುಮಾರು 50 ಮನೆಗಳಿದ್ದವು.

ಊರಿನವರು ಪ್ರತಿಭಟಿಸಿದರು, ಬೇರೆ ದಾರಿಯನ್ನೂ ಸೂಚಿಸಿದರು. ತಲೆತಲಾಂತರದಿಂದ ಏರಿಯನ್ನು ಕಾಯ್ದವರಿಗೆ, ಏರಿಯೇ ಹಿಂದೆ ಸರಿದು ತಮ್ಮನ್ನು ಹೊಳೆಯ ಪಾಲು ಮಾಡುವುದು ಸೋಲೆಂದು ತೋರಿದರೆ ಆಶ್ಚರ್ಯವಿಲ್ಲ. ಒಂದು ಸಂಜೆ ಹೊಸ ಏರಿಯ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನೀರಿನತ್ತ ಕೈ ತೋರಿ ಏನೋ ಹೇಳಿದರು. “ಅಲ್ಲಿ ಅವರ ಅಕ್ಕನ ಅಡುಗೆಮನೆ ಇತ್ತಂತೆ, ಅಪ್ಪಾ,” ಎಂದಳು ಮಗಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಾಲುವೆಯಲ್ಲಿ ಮಕ್ಕಳು ಈಜುತ್ತಿದ್ದರು.

ಯೋಜನೆ ಸರಿಯಾದದ್ದೆಂದೇ ನಾನು ತಿಳಿದಿದ್ದೇನೆ. ಒಂದು ನಗರದ ಲಕ್ಷಾಂತರ ಜನರ ಕ್ಷೇಮ ಸಣ್ಣ ಮಾತಲ್ಲ. ಆದರೂ ಮನೆಗೆ ಬೆಲೆ ಕಟ್ಟಿಕೊಟ್ಟ ಮಾತ್ರಕ್ಕೆ ನೆಲೆಯ ಋಣ ತೀರುವುದಿಲ್ಲ. ಮಡಿದ 48 ಯೋಧರಿಗೆ ಸಂಜೆ ಸಂಜೆಗೂ ದೀಪ ಹಚ್ಚುವ ಆ ಜನ, ಆ 50 ಅಂಗಳಗಳನ್ನೂ ಅಷ್ಟೇ ಕಾಲ ನೆನಪಿನಲ್ಲಿ ಇಟ್ಟುಕೊಳ್ಳಲಿ. ಹೊಳೆಗೆ ನೆಲ ಬಿಟ್ಟುಕೊಟ್ಟವರ ಹೆಸರೂ ಊರಿನ ಚರಿತ್ರೆಯಲ್ಲಿ ಇರಬೇಕಷ್ಟೆ.