ಮನೆಯ ಲೆಕ್ಕ ಯಾರ ಕೈಯಲ್ಲಿದೆ?

ಗದಗ ಪಟ್ಟಣದಿಂದ ಅನತಿ ದೂರದಲ್ಲಿರುವ ಕಣಗಿನಹಾಳ ಗ್ರಾಮದ ಹೆಸರನ್ನು ಕೇಳದವರು ನಮ್ಮ ಭಾಗದಲ್ಲಿ ವಿರಳ. 1905ರಲ್ಲಿ ಆ ಗ್ರಾಮದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಒಗ್ಗೂಡಿಸಿ ಸ್ಥಾಪಿಸಿದ ಸಂಘವು ನಮ್ಮ ದೇಶದ ಪ್ರಥಮ ಕೃಷಿ ಪತ್ತಿನ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ. ಶಾಲೆಯ ಮಕ್ಕಳು ಈ ಸಂಗತಿಯನ್ನು ಸಾಮಾನ್ಯ ಜ್ಞಾನವೆಂದು ಬಾಯಿಪಾಠ ಮಾಡುತ್ತಾರೆ. ಹಿರಿಯರು ವೇದಿಕೆಗಳ ಮೇಲೆ ಅಭಿಮಾನದಿಂದ ಸ್ಮರಿಸುತ್ತಾರೆ. ಆದರೆ ಅಂದು ಹೆಬ್ಬೆಟ್ಟು ಒತ್ತಿದ, ಸಹಿ ಮಾಡಿದ ಆ ರೈತರು ಯಾವ ಹೊಣೆಯನ್ನು ಹೊತ್ತರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಇಂದು ನಮ್ಮ ಕುಟುಂಬಗಳಿಗೆ ಬೇಕಾಗಿರುವ ಪಾಠ ಆ ಪ್ರಶ್ನೆಯಲ್ಲಿದೆ.

ಆಗ ನಮ್ಮ ಗದಗ ಪ್ರದೇಶವು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1876ರಿಂದ 78ರವರೆಗಿನ ಭೀಕರ ಕ್ಷಾಮ ಈ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿತ್ತು. ರೈತನಿಗೆ ಬೀಜಕ್ಕೂ ಸಾಲ, ಎತ್ತಿಗೂ ಸಾಲ, ಮದುವೆಗೂ ಸಾಲ. ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ರೊಚ್ಚಿಗೆದ್ದ ರೈತರು ಸಾಹುಕಾರರ ಮನೆಗಳಿಂದ ಸಾಲಪತ್ರಗಳನ್ನು ಕಸಿದು ಸುಟ್ಟರು. ನಾಲ್ಕು ವರ್ಷಗಳ ನಂತರ ಸರಕಾರವು ರೈತರ ಪರಿಹಾರಕ್ಕಾಗಿ ಕಾಯ್ದೆಯೊಂದನ್ನೂ ತಂದಿತು. ಪತ್ರಗಳನ್ನು ಸುಟ್ಟರೂ, ಕಾಯ್ದೆ ಬಂದರೂ ಸಾಲದ ಅಗತ್ಯ ಮಾತ್ರ ಅಳಿಯಲಿಲ್ಲ. ಮರುವರ್ಷ ಬಿತ್ತನೆಗೆ ಹಣ ಬೇಕೇ ಬೇಕಿತ್ತು.

ಈ ಹಿನ್ನೆಲೆಯಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತು. ಜರ್ಮನಿಯ ರೈಫೈಸನ್ ಎಂಬ ಮಹನೀಯರು ಹಳ್ಳಿಗರಿಗಾಗಿ ರೂಪಿಸಿದ್ದ ಪದ್ಧತಿಯೇ ಅದಕ್ಕೆ ಮಾದರಿ. ಗ್ರಾಮೀಣ ಸಂಘಗಳಿಗೆ ಆ ಕಾಯ್ದೆ ವಿಧಿಸಿದ ಸಾಮಾನ್ಯ ನಿಯಮ 'ಅಪರಿಮಿತ ಹೊಣೆಗಾರಿಕೆ'. ಅಂದರೆ, ಸಂಘವು ತನ್ನ ಸಾಲವನ್ನು ತೀರಿಸಲಾಗದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತಾನು ಕಟ್ಟಿದ ಷೇರಿನಷ್ಟಕ್ಕೆ ಮಾತ್ರವಲ್ಲ, ತನ್ನ ಆಸ್ತಿಪಾಸ್ತಿಯೊಂದಿಗೆ ಉತ್ತರ ಕೊಡಬೇಕು. ಇದು ಮೇಲುನೋಟಕ್ಕೆ ಕ್ರೂರವೆನಿಸುತ್ತದೆ. ಆದರೆ ಅದರ ಫಲವನ್ನು ಗಮನಿಸಿರಿ. ನೆರೆಯವನು ಎಷ್ಟು ಸಾಲ ಪಡೆಯುತ್ತಾನೆ, ಯಾವ ಉದ್ದೇಶಕ್ಕೆ ಪಡೆಯುತ್ತಾನೆ, ಹೇಗೆ ತೀರಿಸುತ್ತಾನೆ ಎಂಬುದು ಎಲ್ಲರ ಕಾಳಜಿಯ ವಿಷಯವಾಯಿತು. ಅಂಥ ಸಂಘದಲ್ಲಿ ಗುಟ್ಟಿನ ಸಾಲಕ್ಕೆ ಎಡೆಯಿರಲಿಲ್ಲ. ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ತಾನೇ ಅರಿತು, ಅದನ್ನು ಇತರರ ಮುಂದೆ ಹೇಳಬಲ್ಲವನಾದಾಗ ಮಾತ್ರ ಪರಸ್ಪರ ಸಹಾಯವು ಸಾಧ್ಯವಾಗುತ್ತಿತ್ತು.

'ಪತ್ತು' ಎಂಬ ಪದಕ್ಕೆ ನಂಬಿಕೆಯೆಂಬ ಅರ್ಥವೂ ಉಂಟು. ಆಂಗ್ಲರ 'ಕ್ರೆಡಿಟ್' ಎಂಬ ಪದದ ಬೇರು ಲತೀನ್ ಭಾಷೆಯಲ್ಲಿ 'ನಂಬು' ಎಂಬ ಕ್ರಿಯಾಪದ. ನಾವು ಭಾನುವಾರದ ಬಲಿಪೂಜೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣದ 'ಕ್ರೆದೋ' ಕೂಡ ಅದೇ ಬೇರಿನದು. ಆದುದರಿಂದಲೇ ಏನೋ, ಧರ್ಮಸಭೆಯ ಸೇವಕರಿಗೂ ಶ್ರೀಸಾಮಾನ್ಯರಿಗೂ ಈ ಮಾರ್ಗವು ಬೇಗನೆ ಅರ್ಥವಾಯಿತು. ಜಗದ್ಗುರು ಹದಿಮೂರನೆಯ ಲಿಯೋರವರು 1891ರ ತಮ್ಮ ವಿಶ್ವಪತ್ರದಲ್ಲಿ ಬಡ್ಡಿಕೋರತನವನ್ನು ಖಂಡಿಸಿದ್ದರು. ರಾಂಚಿಯಲ್ಲಿ ಯೇಸುಸಭೆಯ ಗುರು ಹಾಫ್‌ಮನ್‌ರವರು 1909ರಲ್ಲಿ ಆದಿವಾಸಿ ಕಥೋಲಿಕರಿಗಾಗಿ ಛೋಟಾ ನಾಗಪುರ ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1912ರಲ್ಲಿ ಮಂಗಳೂರಿನಲ್ಲಿ ಪಿ.ಎಫ್.ಎಕ್ಸ್. ಸಲ್ಡಾನರವರ ಮುಂದಾಳತ್ವದಲ್ಲಿ ಹುಟ್ಟಿದ ಕಥೋಲಿಕ ಸಹಕಾರಿ ಸಂಘವು ಇಂದು ಎಂ.ಸಿ.ಸಿ. ಬ್ಯಾಂಕ್ ಆಗಿ ಬೆಳೆದಿದೆ. ಇವು ದಾನಶಾಲೆಗಳಾಗಿರಲಿಲ್ಲ, ಪಡೆದುದನ್ನು ಹಿಂತಿರುಗಿಸುವ ಮನುಷ್ಯನ ಮಾತಿನ ಮೇಲೆ ನಿಂತ ಸಂಸ್ಥೆಗಳಾಗಿದ್ದವು.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಬೆಟಗೇರಿಯ ನೇಕಾರರ ಓಣಿಗಳಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳವರೆಗೆ ಇಂದು ಸಾಲವು ಬಾಗಿಲಿಗೇ ಬಂದು ನಿಲ್ಲುತ್ತದೆ. ಮಹಿಳೆಯರನ್ನು ಗುಂಪುಗೂಡಿಸಿ, ಒಬ್ಬರಿಗೊಬ್ಬರು ಹೊಣೆಯೆಂದು ಬರೆಸಿಕೊಂಡು ಸಾಲ ಕೊಡಲಾಗುತ್ತದೆ. ಹೊರನೋಟಕ್ಕೆ ಇದು ಕಣಗಿನಹಾಳದ ಮಾದರಿಯೇ ಸರಿ. ಆದರೆ ಅಲ್ಲಿದ್ದ ಪರಸ್ಪರ ಅರಿವು ಅನೇಕ ಕಡೆ ಇಲ್ಲಿಲ್ಲ. ತಾಯಿಯ ಹೆಸರಿನಲ್ಲಿ ಎರಡು ಮೂರು ಗುಂಪುಗಳ ಸಾಲ; ಹಣ ಖರ್ಚಾದುದು ಬೇರೆಯವರ ಕೈಯಲ್ಲಿ. ತಂದೆಗೆ ಪೇಟೆಯಲ್ಲಿ ಕೈಗಡ. ತಾಯಿಗೆ ಅದು ತಿಳಿಯದು. ಮಗನಿಗೆ ಮೊಬೈಲಿನ, ಬೈಕಿನ ಮಾಸಿಕ ಕಂತು. ಇಬ್ಬರಿಗೂ ಅದು ತಿಳಿಯದು. ಒಂದೇ ಸೂರಿನಡಿ ಮೂರು ಗುಟ್ಟಿನ ಲೆಕ್ಕಗಳು! ಕಂತಿನ ದಿನ ಬಂದಾಗ ಮಾತ್ರ ಎಲ್ಲವೂ ಬಯಲಾಗುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಹುಟ್ಟುತ್ತದೆ. ಕೊನೆಗೆ ಮನೆಗೆ ಬೀಗ ಹಾಕಿ ಗೋವೆಗೋ ಮಂಗಳೂರಿಗೋ ದುಡಿಯಲು ಹೊರಡುವ ಕುಟುಂಬದ ಮಕ್ಕಳ ಶಾಲೆಯೂ ನಿಂತುಹೋಗುತ್ತದೆ.

ಇದಕ್ಕೆಲ್ಲ ಬಡವರನ್ನೇ ದೂಷಿಸುವುದು ಅನ್ಯಾಯ. ಮಳೆಯನ್ನೇ ನಂಬಿದ ನಮ್ಮ ಎರೆಭೂಮಿಯಲ್ಲಿ ಮುಂಗಾರು ಕೈಕೊಟ್ಟರೆ, ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯ ಬೆಲೆ ಕುಸಿದರೆ, ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ, ಅದು ಯಾರ ತಪ್ಪು? ಮಳೆ ನಮ್ಮ ಕೈಯಲ್ಲಿಲ್ಲ, ಬೆಲೆ ನಮ್ಮ ಕೈಯಲ್ಲಿಲ್ಲ. ಆದರೆ ಬರಲಿರುವ ಮಳೆಯನ್ನು ನೆಚ್ಚಿ ಇಂದು ನಾವು ಮಾಡುವ ಸಹಿ ನಮ್ಮ ಕೈಯಲ್ಲಿದೆ. ಸಾಲವೆಂದರೆ ನಾಳಿನ ನಮ್ಮ ದುಡಿಮೆಯನ್ನು ಇಂದೇ ಒತ್ತೆಯಿಡುವ ವಾಗ್ದಾನ. ವಾಗ್ದಾನ ಮಾಡುವ ಸಾಮರ್ಥ್ಯವು ಮನುಷ್ಯನ ಸ್ವಾತಂತ್ರ್ಯದ ಲಕ್ಷಣ. ಅರಿಯದೆ ಮಾಡಿದ ವಾಗ್ದಾನವು ಅದೇ ಸ್ವಾತಂತ್ರ್ಯವನ್ನು ಕಸಿಯುತ್ತದೆ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಮನೆವಾರ್ತೆಯನ್ನು ನಡೆಸುವ ಕಲೆಯನ್ನು ಹಣಗಳಿಸುವ ಕಲೆಯಿಂದ ಬೇರೆಯೆಂದು ಗುರುತಿಸಿದನು. ಸಂತ ತೋಮಾಸ್ ಅಕ್ವಿನಾಸರು ಇನ್ನೂ ಮುಂದೆ ಹೋಗಿ, ಗೃಹಕೃತ್ಯದ ವಿವೇಕವನ್ನು ವಿವೇಕವೆಂಬ ಸದ್ಗುಣದ ಒಂದು ಪ್ರತ್ಯೇಕ ಪ್ರಕಾರವೆಂದೇ ಎಣಿಸಿದರು. ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುವ ದೃಷ್ಟಾಂತವನ್ನು ನಾವೆಲ್ಲ ಬಲ್ಲೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಆದರೆ ಹಾಸಿಗೆಯ ಅಳತೆಯನ್ನೇ ತಿಳಿಯದವರು ಕಾಲನ್ನು ಎಲ್ಲಿಯವರೆಗೆ ಚಾಚಿಯಾರು?

ಅಳತೆಯ ಮಾತು ಬಂದುದರಿಂದ ಒಂದೆರಡು ಲೆಕ್ಕಗಳನ್ನು ಮಾಡೋಣ. 'ನೂರಕ್ಕೆ ಐದು ರೂಪಾಯಿ' ಬಡ್ಡಿಯೆಂದರೆ ಅಲ್ಪವೆನಿಸುತ್ತದೆ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ 60. ಹೀಗೆ 50,000 ರೂಪಾಯಿ ಪಡೆದವರು ತಿಂಗಳಿಗೆ 2,500ರಂತೆ 20 ತಿಂಗಳು ಕಟ್ಟಿದರೆ ಅಸಲಿನಷ್ಟೇ ಹಣ ಬಡ್ಡಿಯಾಗಿ ಹೋಗುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ. ಇನ್ನೊಂದು ಉದಾಹರಣೆ: 12,000 ರೂಪಾಯಿ ಸಾಲ, ನೂರಕ್ಕೆ 12ರಂತೆ ಪೂರ್ಣ ಮೊತ್ತದ ಮೇಲೆ ಒಂದು ವರ್ಷದ ಬಡ್ಡಿ 1,440. ಒಟ್ಟು 13,440ನ್ನು 12 ಕಂತುಗಳಲ್ಲಿ ತಿಂಗಳಿಗೆ 1,120ರಂತೆ ಕಟ್ಟಬೇಕು. ತಿಂಗಳು ತಿಂಗಳೂ ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಮೊದಲಿನ ಮೊತ್ತದ ಮೇಲೆಯೇ ಬೀಳುವುದರಿಂದ ನಿಜವಾದ ದರವು ನೂರಕ್ಕೆ 21ನ್ನು ಮೀರುತ್ತದೆ. 'ಕಂತು ಎಷ್ಟು?' ಎಂದು ಕೇಳಿ ಸುಮ್ಮನಾಗದೆ, 'ಒಟ್ಟು ಎಷ್ಟು ಕಟ್ಟಬೇಕು, ವಾರ್ಷಿಕ ದರವೆಷ್ಟು?' ಎಂದು ಕೇಳುವುದು ನಮ್ಮ ಹಕ್ಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ, ಕಿರುಸಾಲ ಕೊಡುವ ಸಂಸ್ಥೆಯು ಈ ವಿವರಗಳನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತುಗಳು ಕೂಡಿ ಅದರ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದೂ ಆ ನಿಯಮಗಳು ಹೇಳುತ್ತವೆ. ಅರ್ಧವೆಂಬುದು ಕೊಡುವವರಿಗೆ ಹಾಕಿದ ಗೆರೆ. ಬೆಳೆಯನ್ನೇ ನಂಬಿದ ಮನೆಗೆ ಅದೂ ಅತಿಯಾದೀತು.

ಜಾಮೀನಿನ ಬಗೆಗೂ ಎರಡು ಮಾತು. ಸ್ನೇಹದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಹಿ ಹಾಕುವವರು ನಮ್ಮಲ್ಲಿ ಬಹಳ. 1872ರ ಭಾರತೀಯ ಕರಾರು ಕಾಯ್ದೆಯಂತೆ, ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ದೊಡ್ಡದು. ಗೆಳೆಯನ ಸಾಲವನ್ನು ನಾವೇ ತೀರಿಸಬೇಕಾಗಿ ಬಂದರೆ ತೀರಿಸಬಲ್ಲೆವೇ ಎಂಬ ಪ್ರಶ್ನೆಗೆ 'ಹೌದು' ಎನ್ನಲಾಗದಿದ್ದರೆ, ನಯವಾಗಿ 'ಇಲ್ಲ' ಎನ್ನುವುದೇ ಸತ್ಯಕ್ಕೂ ಸ್ನೇಹಕ್ಕೂ ಸಲ್ಲುವ ಗೌರವ.

ಈಗಾಗಲೇ ಸಾಲದ ಸುಳಿಯಲ್ಲಿ ಸಿಲುಕಿರುವ ಕುಟುಂಬಗಳು ಧೃತಿಗೆಡಬಾರದು. ಕಿರುಸಾಲ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುನ್ನ, ಸಂಜೆ 6ರ ನಂತರ ಸಾಲಗಾರರನ್ನು ಸಂಪರ್ಕಿಸಬಾರದೆಂಬ ನಿಯಮವಿದೆ. ಬೆದರಿಕೆ, ಅವಮಾನ, ಬಲವಂತದ ವಸೂಲಿಗಳನ್ನು ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಲು ಹಿಂಜರಿಯಬೇಕಾಗಿಲ್ಲ. ಸಾಲಕ್ಕಿಂತ ಪ್ರಾಣ ದೊಡ್ಡದೆಂಬುದನ್ನು ಯಾವ ಮನೆಯವರೂ ಮರೆಯದಿರಲಿ. ಕಾನೂನು ದಬ್ಬಾಳಿಕೆಯನ್ನು ತಡೆಯಬಲ್ಲದು. ಮನೆಯ ಲೆಕ್ಕವನ್ನು ಮಾತ್ರ ಮನೆಯವರೇ ಬರೆಯಬೇಕು.

ಆದುದರಿಂದ, ಪ್ರಿಯರೇ, ಈ ವಾರ ಒಂದು ರಾತ್ರಿ ಊಟವಾದ ಮೇಲೆ ಗಂಡ, ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು ಜೊತೆಯಾಗಿ ಕುಳಿತುಕೊಳ್ಳಿರಿ. ಎರಡು ರೂಪಾಯಿಯ ಚೀಟಿಯಿಂದ ಹಿಡಿದು ಸಹಕಾರ ಸಂಘದ ಬೆಳೆಸಾಲದವರೆಗೆ ಎಲ್ಲವನ್ನೂ ಒಂದೇ ವಹಿಯಲ್ಲಿ ಬರೆಯಿರಿ: ಯಾರಿಗೆ ಕೊಡಬೇಕು, ಎಷ್ಟು, ಎಂದಿಗೆ, ಯಾವುದಕ್ಕಾಗಿ ಪಡೆದದ್ದು. ಹೇಳುವವರು ಅಂಜದಿರಲಿ, ಕೇಳುವವರು ಹಂಗಿಸದಿರಲಿ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವ ದಾರಿ ಹುಡುಕಿರಿ. ಕಂತು ತಪ್ಪುವ ಮುನ್ನವೇ ಕೊಟ್ಟವರೊಡನೆ ಮಾತನಾಡಿರಿ. ದೀಕ್ಷಾಸ್ನಾನ, ಮೊದಲ ಪರಮಪ್ರಸಾದ, ಮದುವೆಗಳ ಔತಣವನ್ನು ಕೈಯಲ್ಲಿರುವ ಹಣದೊಳಗೆ ನಡೆಸಲು ನಿರ್ಧರಿಸಿರಿ. ಸಂಸ್ಕಾರಗಳಿಗೆ ಧರ್ಮಸಭೆ ಶಾಮಿಯಾನವನ್ನು ಎಂದೂ ಕಡ್ಡಾಯ ಮಾಡಿಲ್ಲ!

ಕಣಗಿನಹಾಳದ ರೈತರು ಶ್ರೀಮಂತರಾಗಿ ಸಂಘ ಕಟ್ಟಲಿಲ್ಲ. ತಮ್ಮ ಲೆಕ್ಕಕ್ಕೆ ತಾವೇ ಉತ್ತರ ಕೊಡುವೆವೆಂದು ನೆರೆಯವರ ಎದುರಿನಲ್ಲಿ ಒಪ್ಪಿಕೊಂಡುದೇ ಅವರ ಮೂಲ ಬಂಡವಾಳ. ಅಂಥ ಬಂಡವಾಳವನ್ನು ಕೂಡಿಸಲು ನಮ್ಮ ಮನೆಗಳಲ್ಲಿ ಬೇಕಾದುದು ಒಂದು ವಹಿ, ಒಂದು ಲೇಖನಿ, ಮತ್ತು ಒಬ್ಬರ ಮಾತನ್ನೊಬ್ಬರು ಕೇಳುವ ತಾಳ್ಮೆ.