ಕಣ್ಣಿಗೆ ಕಾಣುವ ಮಾತು

ಬುರ್ರಕಥೆಯ ಈರಮ್ಮನವರು ಅಕ್ಷರವನ್ನರಿಯದವರು. ಆದರೂ 2014ರಲ್ಲಿ ಕಾಲವಾಗುವವರೆಗೆ ದರೋಜಿಯ ಆ ಒಂದೇ ಕಂಠದಲ್ಲಿ ಎಷ್ಟೋ ದೀರ್ಘಕಾವ್ಯಗಳು ನೆಲೆಸಿದ್ದವು. ಹಿರಿಯರ ಬಾಯಿಯನ್ನು ನೋಡುತ್ತ, ಅವರ ದನಿಗೆ ಕಿವಿಗೊಡುತ್ತ ಒಲಿಸಿಕೊಳ್ಳತಕ್ಕ ವಿದ್ಯೆಯದು; ಹೇಳುವವರು ಸಾಲು ಮುಗಿಸಿದೊಡನೆ ಮೇಳದವರು ಪಲ್ಲವಿಯನ್ನೆತ್ತಿಕೊಳ್ಳದಿದ್ದರೆ ಕಥೆ ಕುಂಟುತ್ತದೆ. ಕಾಣುವ ಬಾಯಿ, ಸಕಾಲದ ಮರುದನಿ, ಇವೆರಡೂ ಇಂಗ್ಲಿಷನ್ನಾಡಲು ಕಲಿಯುವವನಿಗೂ ಬೇಕು. ಸುತ್ತಲ ಹಳ್ಳಿಗಳಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿಗೆ ವ್ಯಾಕರಣವು ಪುಸ್ತಕದಲ್ಲಿ ದೊರೆತೀತು, ಇವು ದೊರೆಯವು. ವಿಡಿಯೊ ಸಂವಾದವು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಬಲ್ಲುದು?

ಮಾತು ಕೇವಲ ಕಿವಿಯ ವಿಷಯವಲ್ಲವೆಂಬುದನ್ನು ಮೆಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ತೋರಿಸಿಕೊಟ್ಟರು. ‘ಗ’ ಎನ್ನುವ ಮುಖದ ಚಿತ್ರಕ್ಕೆ ‘ಬ’ ಎಂಬ ದನಿಯನ್ನು ಜೋಡಿಸಿದಾಗ ನೋಡಿದವರಲ್ಲಿ ಬಹುಮಂದಿಗೆ ಕೇಳಿಸಿದ್ದು ಎರಡೂ ಅಲ್ಲದ ‘ದ’! ಪಶ್ಚಿಮ ದಿಕ್ಕನ್ನೂ ಒಳಯಂಗಿಯನ್ನೂ ಸೂಚಿಸುವ ಎರಡು ಇಂಗ್ಲಿಷ್ ಪದಗಳು ನಮ್ಮ ಲಿಪಿಯಲ್ಲಿ ‘ವೆಸ್ಟ್’ ಎಂದು ಒಂದೇ ಆಗಿಬಿಡುತ್ತವೆ. ‘ವ’ಕಾರವೊಂದರಲ್ಲೇ ಬೆಳೆದ ನಮ್ಮ ಕಿವಿಯೂ ಅವುಗಳ ಭೇದವನ್ನು ಸುಲಭವಾಗಿ ಹಿಡಿಯದು. ಆದರೆ ಮೊದಲನೆಯದಕ್ಕೆ ತುಟಿಗಳು ದುಂಡಾಗುವುದೂ ಎರಡನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟುವುದೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತವೆ. 300ರಿಂದ 3,400 ಹರ್ಟ್ಸ್‌ವರೆಗಿನ ನಾದವನ್ನಷ್ಟೇ ಸಾಗಿಸುತ್ತಿದ್ದ ಹಳೆಯ ದೂರವಾಣಿಯಲ್ಲಿ ‘ಎಸ್’, ‘ಎಫ್’ಗಳ ಸುಯ್ಲು ಬಹುಪಾಲು ಸೋರಿಹೋಗುತ್ತಿತ್ತು, ಇಂದಿನ ಸಂವಾದ ತಂತ್ರಾಂಶಗಳು ಅದನ್ನೂ ಉಳಿಸಿಕೊಡಬಲ್ಲವು.

ಮರುದನಿಯ ಮಾತು ಇಷ್ಟು ಸರಳವಲ್ಲ. ಮುಖಾಮುಖಿ ಸಂಭಾಷಣೆಯಲ್ಲಿ ಒಬ್ಬನ ಮಾತು ಮುಗಿದು ಇನ್ನೊಬ್ಬನದು ತೊಡಗುವ ನಡುವಣ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು. 2004ರಲ್ಲಿ ಹಾರಿದ ಎಜುಸ್ಯಾಟ್ ಎಂಬ ಶಿಕ್ಷಣ ಉಪಗ್ರಹವನ್ನು ದೂರಪಾಠಕ್ಕೆ ಮೊದಮೊದಲು ಬಳಸಿದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು; ಅಂಥ ಉಪಗ್ರಹವಿರುವುದು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ. ಪ್ರಶ್ನೆಯು ಏರಿ ಇಳಿಯಲು ಕಾಲು ಸೆಕೆಂಡು, ಉತ್ತರಕ್ಕೆ ಮತ್ತೆ ಅಷ್ಟೇ. ಉಪನ್ಯಾಸಕ್ಕೆ ಬಾಧಕವಲ್ಲದ ಈ ವಿಳಂಬವು ಸಂಭಾಷಣೆಯ ಲಯವನ್ನು ಮುರಿಯುತ್ತದೆ. ಇಂದಿನ ಗಾಜಿನೆಳೆಯಲ್ಲಿ ಬೆಳಕು ಬಳ್ಳಾರಿಯಿಂದ ಬೆಂಗಳೂರನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಟ್ಟಬಲ್ಲುದಾದರೂ, ದನಿಯನ್ನು ತುಣುಕು ಮಾಡಿ ಕಳುಹಿ, ಕಾದು, ಮರಳಿ ಜೋಡಿಸುವುದರಲ್ಲಿ ಹೊತ್ತು ಕಳೆಯುತ್ತದೆ. ನೆಟ್‌ವರ್ಕ್ ಕ್ಷೀಣಿಸಿತೆಂದರೆ ಇನ್ನಷ್ಟು. ಆ ಮೌನವನ್ನು ಯಂತ್ರದ್ದೆಂದು ತಿಳಿಯದ ವಿದ್ಯಾರ್ಥಿ, ತನ್ನ ಇಂಗ್ಲಿಷೇ ತಪ್ಪಿತೆಂದು ಬಗೆದು ಬಾಯಿ ಮುಚ್ಚಿಕೊಳ್ಳುವುದುಂಟು.

ಅರವತ್ತು ಮಂದಿ ಮೈಕು ಮುಚ್ಚಿ ಕುಳಿತ ಪರದೆಯ ತರಗತಿಯಲ್ಲಿ ಕಿವಿಗೆ ಕೆಲಸವಿದೆ, ನಾಲಗೆಗಿಲ್ಲ. ಅವರನ್ನೇ ಮೂವರು ಮೂವರಾಗಿ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಮುಖದ ಮೇಲೆ ಬೆಳಕು ಬೀಳುವಂತೆ ಮಾಡಿ, ಮಾತೆತ್ತುವ ಮುನ್ನ ತಲೆಯಾಡಿಸುವ ಸನ್ನೆಯೊಂದನ್ನು ಗೊತ್ತುಪಡಿಸಿದರೆ, ಬಾಯಿಯೂ ಕಂಡೀತು, ಸರದಿಯೂ ತಿಳಿದೀತು. ಬುರ್ರಕಥೆಯ ಮೇಳದಲ್ಲಿಯೂ ಸಾಮಾನ್ಯವಾಗಿ ಇರುವವರು ಮೂವರೇ.